ನರ್ಸಮ್ಮನ ಜೀನಿಯಾ

ಗಂಗಮ್ಮ ಕೆಲಸದಿಂದ ಬಂದವರು ನೇರವಾಗಿ ಮನೆಯೊಳಗೆ ಹೋಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಬೇಲಿ ಪಕ್ಕದ ಹೂವಿನ ಪಾತಿಯಲ್ಲಿ ನಿಂತು, ಚೆಂಬಿನಿಂದ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಸುಂಟಿಕೊಪ್ಪದ ನಮ್ಮ ಓಣಿಯ ಬಾವಿ ತಳ ಕಾಣುತ್ತಿತ್ತು. ಹಾಗಾಗಿ ಕಾಲು ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ಅವರ ಜೀನಿಯಾಕ್ಕೆ, ಕನಕಾಂಬರಕ್ಕೆ. ಕಣ್ಣು ಮುಚ್ಚಿಕೊಂಡೇ ಹೊಯ್ಯುತ್ತಿದ್ದರು. ಒಮ್ಮೊಮ್ಮೆ ನಿಂತಲ್ಲೇ ನಿದ್ದೆ ಹೋದರೇನೋ ಅನ್ನಿಸುತ್ತಿತ್ತು.

ಅವರು ಸರ್ಕಾರದ ಹೆರಿಗೆ ನರ್ಸು. ಊರಿಗೆಲ್ಲ ನರ್ಸಮ್ಮ, ನನಗೆ ಅಕ್ಕ. ಗಾಳಿಬೀಡಿನ ಕಡೆಯವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆಮೇಲೆ ಈ ಕೆಲಸ ಕಲಿತವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಬಟ್ಟೆ ಅಂಗಡಿಯವರ ಸೊಸೆಯಾಗಿ ನಾನು ಅವರ ಪಕ್ಕದ ಮನೆಗೆ ಬಂದೆ. ಸುತ್ತಲಿನ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರು ಇರುವ ಲೈನುಮನೆಗಳಿಗೆಲ್ಲ ಅವರು ನಡೆದೇ ಹೋಗಬೇಕಿತ್ತು. "ಎಂತ ಮಾಡುದು, ಇವತ್ತಿಂದು ಮುಗೀತಲ್ಲ" ಎನ್ನುವುದು ದಿನವೂ ಅವರು ಮೆಟ್ಟಿಲ ಮೇಲೆ ಕೂರುತ್ತ ಹೇಳುವ ಮಾತು. ಆಮೇಲೆ ಕತ್ತಲಾಗುವವರೆಗೂ ಹೂ ನೋಡುತ್ತ ಕೂತಿರುತ್ತಿದ್ದರು. ಅವರ ದಿನದಲ್ಲಿ ಸುಖ ಅಂತ ಇದ್ದದ್ದು ಅಷ್ಟೇ.

ಆ ಹೂಗಳನ್ನು ಯಾರೂ ಕೊಯ್ಯುವಂತಿರಲಿಲ್ಲ. ಒಮ್ಮೆ ಎಸ್ಟೇಟಿನ ಯಜಮಾನತಿ ಜೀಪು ನಿಲ್ಲಿಸಿ, ಮನೆಗೆ ನೆಂಟರು ಬರುತ್ತಾರೆ, ಮೇಜಿಗೆ ನಾಲ್ಕು ಹೂ ಬೇಕು ಎಂದರು. ಅಕ್ಕ ಎದ್ದು ನಿಂತು ಮರ್ಯಾದೆಯಿಂದಲೇ, ಬೀಜ ಬೇಕಾದರೆ ಕೊಡುತ್ತೇನೆ, ಹೂ ಕೊಡುವುದಿಲ್ಲ ಎಂದುಬಿಟ್ಟರು. ಜೀಪು ಹೋದ ಮೇಲೆ ನಾನು ಯಾಕೆಂದು ಕೇಳಿದೆ. "ದಿನಾ ಹೊಕ್ಕುಳಬಳ್ಳಿಗೆ ಕತ್ತರಿ ಹಿಡಿಯುವ ಕೈ ಇದು. ಇಲ್ಲಾದ್ರೂ ಸುಮ್ಮನಿರ್ಲಿ" ಎಂದರು.

ಮರುವರ್ಷದ ಬೇಸಿಗೆಯಲ್ಲಿ ಲೈನಿನ ಹುಡುಗಿ ಸೆಲ್ವಿ ಸಂತೆ ಮುಗಿಸಿಕೊಂಡು ಹೋಗುವಾಗ ಅಕ್ಕನ ಬೇಲಿಯ ಹತ್ತಿರ ನಿಂತಳು. ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿತ್ತು. ಮುಡಿಯುವುದಕ್ಕೆ ಒಂದು ಕೆಂಪು ಜೀನಿಯಾ ಬೇಕು ಎಂದು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಕೇಳಿದಳು. ಅಕ್ಕ ಅವಳ ಹೊಟ್ಟೆ ಮುಟ್ಟಿ ನೋಡಿ ನಕ್ಕರು. "ಮೊದ್ಲು ಹೆತ್ತು ಬಾ. ಒಂದಲ್ಲ, ಎರಡು ಕೊಡ್ತೇನೆ." ಹುಡುಗಿಯೂ ನಗುತ್ತ ಹೋದಳು.

ಆ ತಿಂಗಳೇ ಒಂದು ಮಧ್ಯಾಹ್ನ, ಸೆಲ್ವಿಗೆ ನೋವು ಬಂದಿದೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಳು ಕಳಿಸಿದರು. ಅಕ್ಕ ಚೀಲ ಹಿಡಿದು ಬಿಸಿಲಲ್ಲೇ ಹೊರಟರು. ಬಂದದ್ದು ಮರುದಿನ ಬೆಳಿಗ್ಗೆ. ಪಾತಿಯ ಹತ್ತಿರ ನಿಲ್ಲಲಿಲ್ಲ. ಧೂಳುಗಾಲಲ್ಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ ಎಂದು ಸಂಜೆ ಅಂಗಡಿಯಲ್ಲಿ ಕೇಳಿಬಂತು.

ಅಲ್ಲಿಂದ ಮುಂದೆ ಅವರು ಗಿಡಗಳಿಗೆ ನೀರು ಹಾಕಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ಬಂದು ಮಲಗುತ್ತಿದ್ದರು. ಎಲೆಗಳು ಜೋತುಬಿದ್ದದ್ದು ನೋಡಲಾರದೆ, ಅವರಿಲ್ಲದ ಹೊತ್ತಿನಲ್ಲಿ ನಾನೇ ನಮ್ಮ ಮನೆಯ ಅಕ್ಕಿ ತೊಳೆದ ನೀರು ತಂದು ಹಾಕತೊಡಗಿದೆ. ಒಂದು ಸಂಜೆ ಅವರು ಬೇಗ ಬಂದರು. ನನ್ನ ಕೈಯಲ್ಲಿ ಚೆಂಬಿತ್ತು.

"ನೀನಾ ನೀರು ಹಾಕ್ತಾ ಇರುದು?"

ಹೌದೆಂದೆ.

"ಒಣಗ್ಲಿ ಅಂತ ಬಿಟ್ಟಿದ್ದೆ ಸರೋಜ." ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಒಂದು ಹೂ ಕೇಳಿದ್ಲು ಆ ಹುಡುಗಿ."

ಅವರೇ ನನ್ನ ಕೈಯಿಂದ ಚೆಂಬು ತೆಗೆದುಕೊಂಡರು. "ಬದುಕ್ಸಿಬಿಟ್ಟಿದ್ದೀ. ಇನ್ನು ನೋಡ್ಲೇಬೇಕಲ್ಲ."

ಆಮೇಲೆ ಬೇಲಿಯ ಹತ್ತಿರ ಯಾರು ನಿಂತು ಕೇಳಿದರೂ ಕೊಯ್ದು ಕೊಟ್ಟರು. ಸಂತೆಯ ದಿನ ಲೈನಿನ ಹೆಂಗಸರು ಸಾಲಾಗಿ ಮುಡಿದುಕೊಂಡು ಹೋಗುತ್ತಿದ್ದರು. ಕೊಯ್ದಷ್ಟೂ ಜೀನಿಯಾ ಹೊಸ ಮೊಗ್ಗು ಬಿಟ್ಟಿತು. ಅದನ್ನು ನೋಡಿ ಅಕ್ಕನಿಗೆ ಸಂತೋಷವಾಯಿತು ಎಂದು ನಾನು ಹೇಳಲಾರೆ. ಮೆಟ್ಟಿಲ ಮೇಲೆ ಕೂತಾಗ ಈಗ ಅವರು ಹೂವಿನ ಕಡೆಗಲ್ಲ, ರಸ್ತೆಯ ಕಡೆಗೆ ನೋಡುತ್ತಿದ್ದರು.

ಹೊಸ ರಾಜ್ಯ ದೊಡ್ಡದು, ವರ್ಗಾವಣೆಗಳೂ ದೂರದೂರಕ್ಕೆ. ಅವರಿಗೆ ರಾಯಚೂರಿನ ಕಡೆಗೆ ಆಯಿತು. ಬೀಜ ಕಟ್ಟಿಕೊಡಲೇ ಎಂದು ಕೇಳಿದೆ. ಬೇಡವೆಂದರು, ಮುಂದೆ ಈ ಮನೆಗೆ ಬರುವವರು ಪಾತಿ ಕಿತ್ತು ಬದನೆ ಹಾಕಿದರೂ ಹಾಕಲಿ ಎಂದರು. ಹೊರಡುವ ದಿನ ಟ್ರಂಕು ಹೊರಿಸಿಕೊಂಡು ಬಸ್ಸಿನವರೆಗೆ ಜೊತೆಗೆ ಹೋದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಟ್ರಂಕು ಮೇಲೇರಿಸುವುದನ್ನು ನೋಡಿಕೊಂಡು ನಾನು ಕಿಟಕಿಗೆ ಬರುವಷ್ಟರಲ್ಲಿ ಅವರು ಸರಳಿಗೆ ತಲೆಯಾನಿಸಿ ನಿದ್ದೆಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಹೇಳಬೇಕೆಂದುಕೊಂಡದ್ದು ಎಷ್ಟೋ ಇತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ಬಸ್ಸು ಹೊರಟಿತು.