ಮೈಲೂರಿನ ಮನೆಯ ದೇವರ ಕೋಣೆ

ಗೆಳೆಯರೇ, ನನ್ನ ಸಂಬಳಕ್ಕೆ ನಿಲುಕುವ ಮನೆಯೊಂದನ್ನು ನೋಡಲು ಇವತ್ತು ಬೀದರಿನ ಮೈಲೂರಿಗೆ ಹೋಗಿದ್ದೆ. ಬಾಗಿಲಲ್ಲೇ ದಲ್ಲಾಳಿ ಪಿಸುಗುಟ್ಟಿದ: "ಸರ್, ಮಾಲಕಿ ಶರಣರ ಮನಿತನದ ಮುದುಕಿ. ನೀವು ಬೌದ್ಧರಂತ ಹೇಳಬ್ಯಾಡ್ರಿ, ಸೌದಾ ಮುರಿತದ."

ಬೀದಿಯಲ್ಲಿ ಧಿಕ್ಕಾರ ಕೂಗಿದ ಬಾಯಿ ಒಂದು ಮನೆಗಾಗಿ ಮುಚ್ಚೀತೇ? ಒಳಗೆ ದೇವರ ಕೋಣೆಯೆದುರು ನಿಂತು ಮುದುಕಿಗೆ ಗಟ್ಟಿಯಾಗಿಯೇ ಹೇಳಿದೆ: "ಅವ್ವಾ, ನಾವು ಬೌದ್ಧರ್ರಿ. ಇಲ್ಲಿ ಪುಸ್ತಕ ಇಡ್ತೇವಿ."

ದಲ್ಲಾಳಿ ಹಣೆ ಒರೆಸಿಕೊಂಡ. ಮುದುಕಿ ಕೊರಳಿನ ಲಿಂಗ ಮುಟ್ಟಿ ನಕ್ಕಳು.

"ತಮ್ಮಾ, ನನ್ನ ದೇವರು ಇಲ್ಲೇ ಅದಾನ. ಆ ಕೋಣ್ಯಾಗ ನಾ ಮೊದಲಿಂದ ಜ್ವಾಳದ ಚೀಲ ಇಡ್ತೇನಿ. ಮನಿ ನಿನಗೇ ಕೊಡ್ತೇನಿ, ತಗೋ. ಆದ್ರ ಇಲಿ ಭಾಳ ಅವ. ಜ್ವಾಳ, ಪುಸ್ತಕ ಅಂತ ಭೇದ ಮಾಡಂಗಿಲ್ಲ."

ಇಷ್ಟು ವರ್ಷ ನಾವು ಗಂಟಲು ಹರಿದುಕೊಂಡು ಕೇಳಿದ ಸಮಾನತೆಯನ್ನು ಮೈಲೂರಿನ ಇಲಿಗಳು ಆಗಲೇ ಜಾರಿಗೆ ತಂದಿವೆ.