ಅಂಬಲಿಯೂ ನೀರೇ ಅಂದುಕೊಂಡಿದ್ದೆ

ಹೋದ ವರ್ಷ ನಮ್ಮ ಯಜಮಾನರಿಗೆ ಮೋಷನ್‌ನಲ್ಲಿ ರಕ್ತ ಕಾಣಿಸಿತು. ಡಾಕ್ಟರು ಕೊಲೊನೋಸ್ಕೋಪಿ ಮಾಡಿಸಿ ಅಂದರು, ಕ್ಯಾಮೆರಾ ಇರುವ ಪೈಪ್ ಬಿಟ್ಟು ದೊಡ್ಡ ಕರುಳನ್ನು ಒಳಗಿಂದ ನೋಡುವ ಟೆಸ್ಟ್.

ಹಿಂದಿನ ದಿನ ಬರೀ ನೀರಿನ ಪದಾರ್ಥ, ಜೊತೆಗೆ ಕರುಳು ತೊಳೆಯುವ ಔಷಧಿ. ಚೀಟಿಯಲ್ಲಿ ಅಷ್ಟೇ ಬರೆದಿತ್ತು.

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಮನೆಗೆ ಬಂದವರ ಮುಖ ಬಾಡಿತ್ತು. ನಾನು ಗುಬ್ಬಿ ಕಡೆಯವಳು, ಹಸಿದವರನ್ನು ನೋಡಿಕೊಂಡು ಸುಮ್ಮನಿರುವುದು ನಮಗೆ ಬರುವುದಿಲ್ಲ. ರಾಗಿ ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ, ಎರಡು ಚೊಂಬು ಕೊಟ್ಟೆ.

“ಡಾಕ್ಟ್ರು ಏನೂ ತಿನ್ಬೇಡಿ ಅಂದವ್ರೆ ಕಣೇ” ಅಂದರು.

“ಇದೂ ನೀರೇ ಅಲ್ವೇನ್ರೀ, ಕುಡೀರಿ” ಅಂದೆ. ಎಂಥ ಜಾಣೆ ನಾನು!

ಟೆಸ್ಟ್ ಆಯಿತು. “ಗಂಟು ಗಿಂಟು ಏನೂ ಕಾಣ್ಲಿಲ್ಲ, ಪೈಲ್ಸ್ ಇರ್ಬೇಕು” ಅಂದರು ಡಾಕ್ಟರ್. ದೇವರಿಗೆ ತುಪ್ಪದ ದೀಪ ಹಚ್ಚಿ ರಿಪೋರ್ಟನ್ನು ಬೀರುವಿಗೆ ಸೇರಿಸಿದೆ.

ರಕ್ತ ನಿಲ್ಲಲಿಲ್ಲ. ಪೈಲ್ಸ್ ತಾನೇ ಅಂತ ಕುಣಿಗಲ್‌ಗೆ ಕರೆದುಕೊಂಡು ಹೋಗಿ ನಾಟಿ ಔಷಧಿ ಕೊಡಿಸಿದವಳೂ ನಾನೇ. ಒಂದು ವರ್ಷ ಹಾಗೇ ಹೋಯಿತು...

ಈ ತಿಂಗಳು ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಅದೇ ಟೆಸ್ಟ್. ಆಮೇಲೆ ಲೇಡಿ ಡಾಕ್ಟರ್ ಕಂಪ್ಯೂಟರ್‌ನಲ್ಲಿ ಫೋಟೋ ತೋರಿಸುತ್ತಾರೆ. ಕರುಳಿನ ಗೋಡೆ ಒಂದು ಕಡೆ ಸ್ವಲ್ಪ ಕೆಂಪಗಿದೆ, ಅಷ್ಟೇ.

ಮುಂದಿನ ಫೋಟೋದಲ್ಲಿ ಅಲ್ಲಿಗೆ ನೀಲಿ ಬಣ್ಣ ಚಿಮುಕಿಸಿದ್ದಾರೆ. ಆಗ ಅಂಚು ಕಾಣುತ್ತದೆ, ಕಾವಲಿಗೆ ಕಚ್ಚಿಕೊಂಡ ದೋಸೆಯಂತೆ. ನಡುವೆ ಸಣ್ಣ ತಗ್ಗು.

“ಎಲ್ಲಾ ಗಡ್ಡೆನೂ ಗಂಟಿನ ಥರ ಎದ್ದು ನಿಲ್ಲಲ್ಲಮ್ಮ. ಇದು ಚಪ್ಪಟೆಯಾಗಿ ಹಾಸ್ಕೊಂಡು ಬೆಳೆಯುತ್ತೆ. ಕರುಳು ಕ್ಲೀನಾಗಿಲ್ದಿದ್ರೆ ಕಾಣೋದೇ ಇಲ್ಲ.”

ಆ ತಗ್ಗಿನ ಕೆಳಗೆ ಕ್ಯಾನ್ಸರ್ ಆಳಕ್ಕೆ ಇಳಿದಿದೆಯಂತೆ.

ಹಳೇ ರಿಪೋರ್ಟನ್ನೂ ಅವರೇ ಓದಿ ಹೇಳಿದರು. ಕರುಳು ಸರಿಯಾಗಿ ತೊಳೆದಿಲ್ಲ, ಗೋಡೆಗೆ ತಿಂದಿದ್ದು ಅಂಟಿಕೊಂಡಿದೆ, ಟೆಸ್ಟ್ ಮತ್ತೆ ಮಾಡಿಸಬೇಕು ಅಂತ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಇಷ್ಟನ್ನು ಬಾಯಿಬಿಟ್ಟು ಕನ್ನಡದಲ್ಲಿ ಹೇಳುವುದಕ್ಕೆ ಆ ಮೊದಲಿನ ಡಾಕ್ಟರಿಗೆ ಏನು ಧಾಡಿಯಾಗಿತ್ತು? ಯಾರ ಕೈಲಾದರೂ ಓದಿಸುವುದಕ್ಕೆ ನನಗೇನಾಗಿತ್ತು?

ಆಗಲೇ ಸಿಕ್ಕಿದ್ದರೆ ಆ ಪೈಪ್‌ನಲ್ಲೇ ತೆಗೆದುಬಿಡಬಹುದಿತ್ತಂತೆ. ಈಗ ಹೊಟ್ಟೆ ಕೊಯ್ಯಬೇಕು, ಆಮೇಲೆ ಕೀಮೋ. ಉಳಿಯುತ್ತಾರಾ ಅಂತ ಕೇಳಿದರೆ “ನೋಡೋಣಮ್ಮ” ಅನ್ನುತ್ತಾರೆ.

ಅಂಬಲಿ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಯಜಮಾನರಿಗೆ ನಾನೇ ಹೇಳಿ ಅತ್ತುಬಿಟ್ಟೆ.

“ನೀನೇನ್ ವಿಷ ಹಾಕಿದ್ಯಾ? ಬುಡು ಅತ್ಲಾಗೆ” ಅಂದರು.

ಒಂದೇ ಒಂದು ಸಲ ಬಾಯಿತುಂಬ ಬೈದಿದ್ದರೆ ಎಷ್ಟೋ ವಾಸಿಯಿತ್ತು...