ಓತಿಕ್ಯಾತನಿಗೊಂದು ಜಾಲರಿ ಬೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೆಕ್ಸಾಸಿನ ಆ ಬೇಸಿಗೆಯಲ್ಲಿ ಒಂದು ಬಡಪಾಯಿ ಪ್ರಾಣಿ ನನ್ನ ಹಟದಿಂದಾಗಿ ಸಾಯುವ ಸ್ಥಿತಿಗೆ ಬಂದಿತ್ತು.

ಮೈಸೂರಿನ ಒಂದು ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿ ನಿವೃತ್ತನಾಗಿದ್ದೆ. ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು. ‘ಆರು ತಿಂಗಳು ನಮ್ಮ ಜೊತೆ ಇದ್ದು ಹೋಗಿ ಅಪ್ಪ’ ಎಂದು ಮಗಳು ಟಿಕೆಟ್ ಕಳಿಸಿದಳು. ಆಸ್ಟಿನ್‌ನ ಉತ್ತರಕ್ಕೆ, ಫ್ಲೂಗರ್‌ವಿಲ್‌ನಲ್ಲಿ ಅವರ ಮನೆ. ಮಗಳು, ಅಳಿಯ ಇಬ್ಬರೂ ಸಾಫ್ಟ್‌ವೇರ್‌ನವರು. ಬೆಳಿಗ್ಗೆ ಏಳೂವರೆಗೆ ಮೊಮ್ಮಗಳನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟು ಕೆಲಸಕ್ಕೆ ಹೋದರೆ ಮೂವರೂ ವಾಪಸಾಗುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ಜು ಮತ್ತು ನಾನು. ರಸ್ತೆಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ನಡೆದು ಹೊರಟರೆ ಯಾರೋ ಹೆಂಗಸು ಕಾರು ನಿಲ್ಲಿಸಿ ‘ದಾರಿ ತಪ್ಪಿತೇ?’ ಎಂದು ಕೇಳಿದಳು. ದಾರಿ ತಪ್ಪಲಿಕ್ಕಾದರೂ ಎಲ್ಲಿಗಾದರೂ ಹೋಗುವವನಾಗಿರಬೇಕಲ್ಲ!

ಒಂಬತ್ತು ವರ್ಷದ ಆ ಮೊಮ್ಮಗಳು ನನ್ನ ಜೊತೆ ನಾಲ್ಕು ಮಾತಾಡಲಿ ಎನ್ನುವುದೊಂದೇ ನನ್ನ ಆಸೆಯಾಗಿತ್ತು. ನನ್ನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ‘ಓಕೆ’, ‘ನೋ’, ‘ಫೈನ್’. ಮೂರು ಪದ ಮುಗಿದರೆ ಅವಳ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಇನ್ನೊಂದು ಕಷ್ಟ ಚಳಿಯದು. ಹೊರಗೆ ತಲೆ ಸಿಡಿಯುವಂಥ ಬಿಸಿಲು, ಒಳಗೆ ಹಗಲೂ ರಾತ್ರಿ ಏಸಿ. ನನ್ನ ಕೋಣೆಯ ಚಾವಣಿಯ ಕಿಂಡಿಯಿಂದ ತಣ್ಣನೆ ಗಾಳಿ ಸೀದಾ ಮಂಚದ ಮೇಲೆ ಬೀಳುತ್ತಿತ್ತು. ಸ್ವೆಟರು, ಮಫ್ಲರು ಹಾಕಿಕೊಂಡೇ ಮಲಗುತ್ತಿದ್ದೆ. ಅಪ್ಪನಿಗೆ ವಯಸ್ಸಾಯಿತು ಎಂದಷ್ಟೇ ಮಗಳು ಅಂದುಕೊಂಡಿರಬೇಕು. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಅನ್ನುತ್ತೀರಿ. ಮಗಳ ಮನೆ ಎಂದರೆ ಅಳಿಯನ ಮನೆ. ಅಲ್ಲಿ ಹೋಗಿ ಕೂತು, ಅದು ಸರಿಯಿಲ್ಲ ಇದು ಸರಿಯಿಲ್ಲ ಎನ್ನುವುದುಂಟೇ? ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಮೈ ಕಾಯಿಸಿಕೊಂಡು ಒಳಗೆ ಬರುತ್ತಿದ್ದೆ.

ಜೂನ್ ತಿಂಗಳಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಳಿಯ ಒಂದು ಗಾಜಿನ ಪೆಟ್ಟಿಗೆ ತಂದರು. ಒಳಗೆ ಗೇಣುದ್ದದ ಪ್ರಾಣಿ. ಮಣ್ಣಿನ ಬಣ್ಣ, ಗಂಟಲ ಸುತ್ತ ಮುಳ್ಳುಮುಳ್ಳು ಗಡ್ಡ. ‘ಬಿಯರ್ಡೆಡ್ ಡ್ರ್ಯಾಗನ್’ ಎಂದರು.

“ಡ್ರ್ಯಾಗನ್ನೂ ಇಲ್ಲ ಗಿಗನ್ನೂ ಇಲ್ಲ, ನಮ್ಮೂರ ಬೇಲಿ ಮೇಲೆ ಕೂರೋ ಓತಿಕ್ಯಾತ ಇದು! ಚಿಕ್ಕಂದಿನಲ್ಲಿ ಕಲ್ಲು ತಗೊಂಡು ಹೊಡೀತಿದ್ವಿ” ಎಂದೆ.

ಮೊಮ್ಮಗಳ ಮುಖ ಬಾಡಿತು. ಪೆಟ್ಟಿಗೆ ಎತ್ತಿಕೊಂಡು ಕೋಣೆಗೆ ಹೋಗಿಬಿಟ್ಟಳು.

“ಅಪ್ಪಾ, ಯಾಕೆ ಹಂಗಂದ್ರಿ? ಅವಳಿಗೆ ಅದು ಅಂದ್ರೆ ಪ್ರಾಣ” ಎಂದಳು ಮಗಳು. ಥತ್, ಈ ನಾಲಿಗೆಗಿಷ್ಟು!

ಅದು ದೊಡ್ಡದಾದಂತೆ ಪೆಟ್ಟಿಗೆ ಸಾಲುವುದಿಲ್ಲ, ನಾಲ್ಕಡಿ ಉದ್ದದ ಗೂಡು ಬೇಕು ಎಂಬ ಮಾತು ಬಂದದ್ದೇ ತಡ, “ನಾನು ಮಾಡಿಕೊಡ್ತೀನಿ” ಎಂದೆ. ಕೈಗೆ ಕೆಲಸವೂ ಆಯಿತು, ಆಡಿದ ಮಾತಿಗೆ ಪರಿಹಾರವೂ ಆಯಿತು. ಅಳಿಯ ಅಂಗಡಿಯಿಂದ ಪೈನ್ ಮರ, ಗರಗಸ, ಉಳಿ ತಂದುಕೊಟ್ಟರು. “ಮಾವ, ಮೂರು ಕಡೆ ಪ್ಲೈವುಡ್, ಮುಂದೆ ಗಾಜು ಹಾಕ್ತಾರಂತೆ, ಇಂಟರ್‌ನೆಟ್‌ನಲ್ಲಿ ನೋಡಿದೆ” ಎಂದರು. ನನಗೆ ಉರಿದುಹೋಯಿತು. ಮೂವತ್ತು ವರ್ಷ ಕಲಿಸಿದವನಿಗೆ ಇಂಟರ್‌ನೆಟ್ ಪಾಠ!

“ಜೀವ ಇರೋದು, ಗಾಳಿ ಆಡಬೇಕು. ಗಾಜಿನೊಳಗೆ ಉಪ್ಪಿನಕಾಯಿ ಇಡ್ತಾರೆ” ಎಂದುಬಿಟ್ಟೆ.

ನನ್ನ ತಲೆಯಲ್ಲಿದ್ದದ್ದು ಜಾಲರಿ ಬೀರು. ಫ್ರಿಜ್ಜು ಬರುವ ಮುಂಚೆ ನಮ್ಮ ಅಡಿಗೆಮನೆಗಳಲ್ಲಿ ಹಾಲು, ಮೊಸರು, ತುಪ್ಪ ಇಡುತ್ತಿದ್ದ ಬೀರು. ಸುತ್ತಲೂ ಜಾಲರಿ, ಬೆಕ್ಕು ಬಾಯಿ ಹಾಕದಂತೆ ಬಿಗಿಯಾದ ಬಾಗಿಲು, ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಎಷ್ಟು ಹುಡುಗರಿಗೆ ಅದನ್ನು ಮಾಡಲು ಕಲಿಸಿದ್ದೆನೋ ಲೆಕ್ಕವಿಲ್ಲ. ಗ್ಯಾರೇಜಿನಲ್ಲಿ ಎರಡು ವಾರ ಒಬ್ಬನೇ ದುಡಿದೆ. ಮೂಲೆಗಳಿಗೆ ಮೊಳೆ ಹೊಡೆಯದೆ, ಮರಕ್ಕೆ ಮರವನ್ನೇ ಕಚ್ಚಿಸಿದೆ. ನಾಲ್ಕು ಕಡೆಗೂ ಮೇಲಕ್ಕೂ ಜಾಲರಿ ಬಿಗಿದೆ. ಮೊಸರಿನ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೀರು ತುಂಬಿ ಕಾಲುಗಳ ಕೆಳಗಿಟ್ಟೆ. ಒಳಗೊಂದು ಕೊಂಬೆ, ಮೇಲೊಂದು ಶಾಖದ ದೀಪ. ಮೊಮ್ಮಗಳು ಜಾಲರಿ ಮುಟ್ಟಿ ನೋಡಿ, “ಯೂ ಮೇಡ್ ದಿಸ್, ತಾತ?” ಎಂದಳು. ಅಬ್ಬಾ, ನಾಲ್ಕು ಪದ! ಆ ದಿನ ಒಂದು ಚಪಾತಿ ಹೆಚ್ಚಿಗೆ ತಿಂದೆ.

ವಾರ ಕಳೆಯುವುದರೊಳಗೆ ಓತಿಕ್ಯಾತ ಮಂಕಾಯಿತು. ಹುಳು ಹಾಕಿದರೆ ಮೂಸಿಯೂ ನೋಡದು. ಗಡ್ಡ ಕಪ್ಪಗಾಯಿತು. ಹತ್ತನೆಯ ದಿನ ಶಿಬಿರಕ್ಕೆ ಹೊರಡುವ ಮುನ್ನ ಮೊಮ್ಮಗಳು ಅದರ ಮುಂದೆ ನಿಂತು ಅತ್ತಳು. ನನ್ನ ಕಡೆ ತಿರುಗಿ, “ಅದು ಹಳೇ ಬಾಕ್ಸಲ್ಲಿ ಚೆನ್ನಾಗೇ ಇತ್ತು. ನೀನು ಮಾಡಿದ ಮನೆಯಿಂದ ಸಾಯ್ತಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಒಂದಕ್ಷರ ತಪ್ಪದೆ ಅರ್ಥವಾಯಿತು.

ಅವರೆಲ್ಲ ಹೋದ ಮೇಲೂ ಕೋಪ ಇಳಿಯಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕುವಷ್ಟು ದೊಡ್ಡವಳಾದಳೇ? ಮಧ್ಯಾಹ್ನದವರೆಗೂ ಅನ್ನ ಮುಟ್ಟಲಿಲ್ಲ. ಆಮೇಲೆ ಬೀರಿನ ಹತ್ತಿರ ಹೋಗಿ ನೋಡಿದರೆ ಅದು ಕೊಂಬೆಯಿಂದ ಕೆಳಗೆ ಬಿದ್ದು ಕಣ್ಣು ಮುಚ್ಚಿತ್ತು. ಟವೆಲ್ಲಿನಲ್ಲಿ ಎತ್ತಿಕೊಂಡೆ. ಹಿಡಿದ ಕೈಗೆ ಕೊರೆಯುವಷ್ಟು ತಣ್ಣಗಿತ್ತು. ಏನು ಮಾಡಬೇಕೆಂದು ತೋಚದೆ, ದಿನಾ ಆ ಹೊತ್ತಿಗೆ ನಾನು ಕೂರುವ ಹಿತ್ತಲ ಮೆಟ್ಟಿಲಿಗೆ ಹೋಗಿ, ತೊಡೆಯ ಮೇಲಿಟ್ಟುಕೊಂಡು ಕೂತೆ.

ಹತ್ತು ನಿಮಿಷವಾಗಿರಬೇಕು. ಅದು ಕಣ್ಣು ತೆರೆಯಿತು. ಇನ್ನಷ್ಟು ಹೊತ್ತಿಗೆ ಮೈಯನ್ನು ರೊಟ್ಟಿಯಂತೆ ಅಗಲ ಮಾಡಿ ಬಿಸಿಲಿಗೆ ಒಡ್ಡಿಕೊಂಡಿತು. ಗಡ್ಡದ ಕಪ್ಪು ಮೆಲ್ಲಗೆ ಇಳಿಯಿತು. ಅದರ ಪಕ್ಕದಲ್ಲಿ ನಾನೂ ಮಫ್ಲರು ಬಿಚ್ಚಿ ಬೆನ್ನು ಕಾಯಿಸುತ್ತಿದ್ದೆ. ಆಗ ತಲೆಗೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾನು ಮಾಡಿದ್ದು ಹಾಲು ಕೆಡದಂತೆ ತಂಪಾಗಿಡುವ ಬೀರು. ದೀಪದ ಶಾಖವೆಲ್ಲ ಜಾಲರಿಯಿಂದ ಆಚೆ ಹೋಗಿ, ಏಸಿಯ ಚಳಿಯೆಲ್ಲ ಒಳಗೆ ಬರುತ್ತಿತ್ತು.

ಓತಿಕ್ಯಾತವನ್ನು ಹಳೆಯ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಬಿಟ್ಟು, ಅವತ್ತೇ ನಾಲ್ಕೂ ಕಡೆಯ ಜಾಲರಿ ಕಿತ್ತೆ. ಸಂಜೆ ಅಳಿಯ ಬಂದಾಗ, “ನೀವು ಹೇಳಿದ್ದೇ ಸರಿ. ಪ್ಲೈವುಡ್ಡು, ಗಾಜು ತನ್ನಿ” ಎಂದೆ. ಅವರು “ಸರಿ ಮಾವ” ಎಂದು ಕಾರಿನ ಕೀ ತೆಗೆದುಕೊಂಡರು. ಒಳ್ಳೆಯ ಮನುಷ್ಯ. ಎರಡು ದಿನದಲ್ಲಿ ಬೀರಿಗೆ ಗೋಡೆ ಬಂತು. ಮೊಮ್ಮಗಳು ಒಳಗೊಂದು ಥರ್ಮಾಮೀಟರ್ ಇಟ್ಟಳು. ಓತಿಕ್ಯಾತ ಮೊದಲ ಹುಳು ನುಂಗಿದಾಗ ನನ್ನ ಕೈ ಹಿಡಿದುಕೊಂಡಳು.

“ಹೌ ಡಿಡ್ ಯೂ ನೋ ಹೀ ವಾಸ್ ಕೋಲ್ಡ್?”

“ನಂಗೂ ಚಳಿ ಆಗ್ತಿತ್ತಲ್ಲ ಪುಟ್ಟಿ” ಎಂದುಬಿಟ್ಟೆ.

ಮಾರನೆಯ ಸಂಜೆ ಅವಳು ಇನ್ನೊಂದು ಥರ್ಮಾಮೀಟರ್ ತಂದು ನನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿದಳು. ಸ್ವಲ್ಪ ಹೊತ್ತು ಕಾದು, “ಸಿಕ್ಸ್‌ಟಿ-ಸೆವೆನ್, ತಾತ!” ಎಂದು ಗದರಿದಳು. ಅದು ಅಲ್ಲಿಯವರ ಫ್ಯಾರನ್‌ಹೀಟ್ ಲೆಕ್ಕ, ನಮ್ಮಲ್ಲಾದರೆ ಹತ್ತೊಂಬತ್ತು ಡಿಗ್ರಿ. ಮೇಜಿನ ಮೇಲೆ ಹತ್ತಿ ನಿಂತು ಚಾವಣಿಯ ಕಿಂಡಿಯ ಸಣ್ಣ ಹಿಡಿಯನ್ನು ಸರಿಸಿದಳು. ಗಾಳಿ ನಿಂತಿತು. ಅದಕ್ಕೊಂದು ಹಿಡಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಒದರಿದಳು. ಮಗಳು ತಟ್ಟೆಯಿಂದ ಕೈ ತೆಗೆದು, “ಅಪ್ಪಾ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದಳು. ಯಾರೂ ಕೇಳಲಿಲ್ಲ ಎಂಬ ಮಾತು ಗಂಟಲಿಗೆ ಬಂತು. “ಅಂಥಾದ್ದೇನಿಲ್ಲ ಬಿಡಮ್ಮ” ಎಂದೆ.

ಅಲ್ಲಿಂದಾಚೆಗೆ ಪ್ರತಿ ಸಂಜೆ ಓತಿಕ್ಯಾತನ ಶಾಖ ನೋಡಿ, ಆಮೇಲೆ ನನ್ನ ಕೋಣೆಗೆ ಬರುತ್ತಿದ್ದಳು. ಉಳಿದ ಪ್ಲೈವುಡ್ಡಿನಲ್ಲಿ ಅವಳಿಗೆ ಕಿಂಡಿ ಎಟುಕುವಂತೆ ಒಂದು ಸ್ಟೂಲು ಮಾಡಿಟ್ಟೆ. ಆದರೆ ಸಂಖ್ಯೆ ಎಪ್ಪತ್ತೆಂಟಕ್ಕೆ ಬಂದು ನಿಂತಿತು. ನಿಂತ ಮೇಲೆ ನೋಡುವುದೇನಿದೆ? ಅವಳು ಬಾಗಿಲಲ್ಲೇ ಇಣುಕಿ, “ಫೈನ್” ಎಂದು ಹೊರಟುಹೋಗತೊಡಗಿದಳು.

ಒಂದು ದಿನ ಸಂಜೆ ಐದಕ್ಕೆ ನಾನು ಸ್ವೆಟರು ಹಾಕಿಕೊಂಡೆ. ಛತ್ರಿಯ ತುದಿಯಿಂದ ಕಿಂಡಿಯ ಹಿಡಿಯನ್ನು ಹಿಂದಕ್ಕೆ ಸರಿಸಿ, ಬೀಳುವ ತಣ್ಣನೆ ಗಾಳಿಯಲ್ಲಿ ಕೂತುಕೊಂಡೆ. ಆರೂಕಾಲಿಗೆ ಅವಳು ಬಂದು ಥರ್ಮಾಮೀಟರ್ ನೋಡಿ, “ತಾತ! ಯಾರು ತೆಗೆದಿದ್ದು?” ಎಂದು ಕನ್ನಡದಲ್ಲೇ ಕೇಳಿ ಸ್ಟೂಲು ಹತ್ತಿದಳು. ಕಿಂಡಿ ಮುಚ್ಚಿ ಇಳಿದು, ಸಂಖ್ಯೆ ಏರುವವರೆಗೆ ಕಾಯಲೆಂದು ನನ್ನ ಪಕ್ಕ ಕೂತಳು. ಶಿಬಿರದಲ್ಲಿ ಏನಾಯಿತೆಂದು ಅಷ್ಟೂ ಹೊತ್ತು ಹೇಳಿದಳು.

ಊರಿಗೆ ಹೊರಡುವವರೆಗೂ, ಪ್ರತಿ ಸಂಜೆ ಐದಕ್ಕೆ, ನಾನು ಆ ಕಿಂಡಿಯನ್ನು ತೆರೆಯುತ್ತಲೇ ಇದ್ದೆ.